ಮುನಿಶಾಮಮ್ಮನ ಬಾಣಲೆ

ಆ ವರ್ಷ ಮುನಿಶಾಮಮ್ಮನ ಮನೆಯಲ್ಲಿ ಒಗ್ಗರಣೆ ಹಾಕುವುದು ನಿಂತುಹೋಯಿತು. ಬೇಳೆ ಬೇಯುತ್ತಿತ್ತು, ಹುಣಸೆಹಣ್ಣು ಕಿವುಚಿ ಹಾಕುತ್ತಿದ್ದರು, ಉಪ್ಪು ಖಾರಕ್ಕೆ ಕೊರತೆಯಿರಲಿಲ್ಲ. ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಮಾತ್ರ ಇಲ್ಲ. ಪಡಸಾಲೆಯ ತುಂಬ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ರೇಷ್ಮೆಹುಳು. ಹುಳುವಿಗೆ ಎಣ್ಣೆ ಹೊಗೆ ಆಗುವುದಿಲ್ಲ, ಬೀಡಿ ಹೊಗೆಯೂ ಆಗುವುದಿಲ್ಲ ಎಂದು ಸೊಸೆ ಗಂಗರತ್ನಮ್ಮ ಕಟ್ಟಪ್ಪಣೆ ಮಾಡಿದ್ದಳು.

ಮುನಿಶಾಮಮ್ಮನ ಗಂಡ ವೆಂಕಟರಾಯಪ್ಪ ಊಟಕ್ಕೆ ಕೂತಾಗಲೆಲ್ಲ ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡುವ ಮೊದಲು ಒಂದು ಸಲ ಮೂಸಿ ನೋಡುತ್ತಿದ್ದ.

"ಇದು ಸಾರೇನೇ, ಇಲ್ಲ ಕಲಗಚ್ಚೋ?"

"ಹುಳ ಹಣ್ಣಾಗಿ ಗೂಡು ಕಟ್ಟೋವರ್ಗೂ ಇಷ್ಟೇ ಮಾವ," ಎಂದು ಪಡಸಾಲೆಯಿಂದಲೇ ಸೊಸೆಯ ಉತ್ತರ ಬರುತ್ತಿತ್ತು.

ಮುಳಬಾಗಿಲಿಗೆ ಎರಡು ಮೈಲಿ ದೂರದ ಬಂಡೆಪಲ್ಲಿಯಲ್ಲಿ ಆ ಮನೆಯವರು ತಲೆಮಾರಿನಿಂದ ರಾಗಿ, ಅವರೆ, ಹುರುಳಿ ಬೆಳೆದುಕೊಂಡು ಬಂದವರು. ಗಂಗರತ್ನಮ್ಮನ ತವರು ಶ್ರೀನಿವಾಸಪುರದ ಕಡೆ. ಅಲ್ಲಿ ಹುಳು ಸಾಕದ ಮನೆಯಿಲ್ಲ. ಮದುವೆಯಾಗಿ ಬಂದ ಎರಡನೇ ವರ್ಷವೇ ಅವಳು ಗಂಡ ಕೋದಂಡರಾಮಪ್ಪನನ್ನು ಒಪ್ಪಿಸಿ, ಬಾವಿಯ ಪಕ್ಕದ ಮೆಣಸಿನಕಾಯಿ ಹೊಲವನ್ನು ಹಿಪ್ಪುನೇರಳೆ ತೋಟ ಮಾಡಿಸಿದಳು. ಮೊದಲೆರಡು ಬೆಳೆ ಕೈಹಿಡಿದವು. ಸೋರುತ್ತಿದ್ದ ಸೂರಿಗೆ ಹೊಸ ಹೆಂಚು ಬಂತು, ಕರೆಯುವ ಹಸುವೊಂದು ಬಂತು. ಇನ್ನೆರಡು ಬೆಳೆ ಆದರೆ ಹಿತ್ತಲಲ್ಲಿ ಹುಳುವಿಗೇ ಬೇರೆ ಮನೆ ಕಟ್ಟಿಸಿ, ಪಡಸಾಲೆಯನ್ನು ಮನುಷ್ಯರಿಗೆ ಬಿಟ್ಟುಕೊಡುತ್ತೇನೆ ಎಂದಿದ್ದಳು ಸೊಸೆ. ಯುದ್ಧ ನಡೆಯುತ್ತಿದ್ದುದರಿಂದ ರೇಷ್ಮೆಗೆ ಎಂದೂ ಇಲ್ಲದ ಬೆಲೆ. ವಿಮಾನದಿಂದ ಸೋಲ್ಜರುಗಳು ಹಾರಿ ಇಳಿಯುವ ಛತ್ರಿಗೆ ಈ ನೂಲು ಬೇಕಂತೆ ಎಂದು ಯಾರೋ ಹೇಳಿದಾಗ ವೆಂಕಟರಾಯಪ್ಪ ತಟ್ಟೆಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದ್ದ. ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಕಿರಿಯ ಮಗ ಕದಿರೇಶ ರಾಬರ್ಟ್‌ಸನ್‌ಪೇಟೆಯಿಂದ ಮನೆಗೆ ಬಂದ. ಅಲ್ಲೊಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಖಾರ ಕರಿಯುವವರೆಗೆ ಎಲ್ಲ ಮಾಡಿದ್ದವನು. ಸಾಹುಕಾರನಿಗೂ ಅವನಿಗೂ ಮಾತಿಗೆ ಮಾತು ಬೆಳೆದು ಬಿಟ್ಟು ಬಂದಿದ್ದ. ಬಂದ ಮರುದಿನವೇ ಅಮ್ಮನ ಹತ್ತಿರ ಕೂತ.

"ಅಮ್ಮ, ಮುಳಬಾಗಿಲು ಬಸ್‌ಸ್ಟ್ಯಾಂಡಲ್ಲಿ ನಿಂತು ನೋಡ್ದೆ. ಪೆಟ್ರೋಲಿಲ್ಲ, ಎಲ್ಲಾ ಇದ್ದಿಲು ಬಸ್ಸು. ಒಂದೊಂದು ಬಸ್ಸೂ ಇದ್ದಿಲು ತುಂಬಿ, ಗಾಳಿ ಹಾಕಿ, ಬಿಸಿಯಾಗಿ ಹೊರಡೋ ಹೊತ್ಗೆ ಜನ ಹಸ್ಕೊಂಡು ಸಾಯ್ತಾರೆ. ಅಲ್ಲಿ ತಿನ್ನೋಕೆ ಏನಿದೆ ಗೊತ್ತಾ? ಹಳಸಿದ ಬನ್ನು."

"ಅದಕ್ಕೆ?"

"ನೀನು ನಿಪ್ಪಟ್ಟು ಮಾಡ್ಕೊಡು. ನಾನು ತಟ್ಟೇಲಿಟ್ಟು ಮಾರ್ತೀನಿ."

ಮುನಿಶಾಮಮ್ಮ ನಕ್ಕಳು. ಹಬ್ಬಕ್ಕೆ, ಬಾಣಂತಿಯರಿಗೆ, ನೆಂಟರ ಮನೆಗೆ ಒಯ್ಯುವುದಕ್ಕೆ ಅವಳು ನಿಪ್ಪಟ್ಟು ಮಾಡಿದ್ದಳೇ ಹೊರತು ಅದನ್ನು ಮಾರಬಹುದು ಎಂದು ಕನಸಿನಲ್ಲೂ ಎಣಿಸಿದವಳಲ್ಲ. ನಗು ನಿಲ್ಲುವ ಮೊದಲೇ ಪಡಸಾಲೆಯಿಂದ ಗಂಗರತ್ನಮ್ಮ ಹೊರಗೆ ಬಂದಳು. ಕೈಯಲ್ಲಿ ಸೊಪ್ಪಿನ ಬುಟ್ಟಿ.

"ಕದಿರೇಶ, ಎಲ್ಲಿ ಕರೀತೀಯಪ್ಪ ಅದನ್ನ?"

"ಅಡಿಗೆಮನೇಲಿ ಅತ್ತಿಗೆ."

"ನಾನು ಒಗ್ಗರಣೆಗೇ ಬೇಡ ಅಂತಿದೀನಿ. ನೀನು ಬಾಣಲೆ ಇಡ್ತೀಯಾ?"

"ನಿಮ್ಮ ಹುಳ ತಿನ್ನುತ್ತೆ, ಮನುಷ್ಯರು ತಿನ್ನೋದು ಬೇಡ್ವಾ ಅತ್ತಿಗೆ?"

"ಆ ಹುಳ ತಿನ್ನೋದಕ್ಕೇನೇ ಮೇಲೆ ಹೆಂಚು ಬಂದಿರೋದು. ಕತ್ತೆತ್ತಿ ನೋಡು."

ಕೋದಂಡರಾಮಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹೆಂಡತಿಯ ಮಾತು ಕೇಳಿದರೆ ಹೆಂಡತಿ ಸರಿ, ತಮ್ಮನ ಮಾತು ಕೇಳಿದರೆ ತಮ್ಮ ಸರಿ ಎನ್ನಿಸುವ ಸ್ವಭಾವ ಅವನದು. ಅವನು ಹಗ್ಗದಿಂದ ಕಣ್ಣೆತ್ತಲಿಲ್ಲ. ಕೊನೆಗೆ ಮುನಿಶಾಮಮ್ಮನೇ ದಾರಿ ಹುಡುಕಿದಳು. ದನದ ಕೊಟ್ಟಿಗೆ ಮನೆಯಿಂದ ಅಷ್ಟು ದೂರದಲ್ಲಿದೆ, ಗಾಳಿಯೂ ಆ ಕಡೆಗೇ ಬೀಸುತ್ತದೆ. ಅಲ್ಲಿ ಒಂದು ಮಣ್ಣಿನ ಒಲೆ ಹಾಕಿಕೊಂಡರಾಯಿತು. ಸೊಸೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಕ್ಕಿ ಸಿಗುವುದು ಕಷ್ಟವಾಗಿದ್ದ ಕಾಲ. ಮುನಿಶಾಮಮ್ಮ ಅಕ್ಕಿಹಿಟ್ಟಿಗೆ ಅರ್ಧದಷ್ಟು ರಾಗಿಹಿಟ್ಟು ಬೆರೆಸಿ, ಕಡಲೆಕಾಯಿ ಬೀಜ ಕುಟ್ಟಿ ಹಾಕಿ, ಕರಿಬೇವು ಎಳ್ಳು ಸೇರಿಸಿ ತಟ್ಟಿದಳು. ಕರಿದಾಗ ನಿಪ್ಪಟ್ಟು ಕಪ್ಪಗೆ ಕಂಡಿತು. ಇದನ್ನು ಯಾರು ಕೊಳ್ಳುತ್ತಾರೆ ಎಂದು ಅವಳಿಗೆ ನಾಚಿಕೆಯಾಯಿತು. ಕದಿರೇಶ ಬುಟ್ಟಿ ಹೊತ್ತುಕೊಂಡು ಹೋದ. ಸಂಜೆಯೊಳಗೆ ಖಾಲಿ ಬುಟ್ಟಿ ತಂದ. ಮರುದಿನವೂ ಖಾಲಿ. ವಾರದೊಳಗೆ ಬಸ್ಸಿನ ಡ್ರೈವರುಗಳು "ಕರಿ ನಿಪ್ಪಟ್ಟು" ಎಂದು ಕೇಳಿ ಕೊಳ್ಳತೊಡಗಿದರಂತೆ. ಮಗ ಹೇಳಿದ್ದನ್ನು ಮುನಿಶಾಮಮ್ಮ ನಂಬಲಿಲ್ಲ. ಒಂದು ದಿನ ತಾನೇ ಅವನ ಜೊತೆ ನಡೆದು ಹೋಗಿ, ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಯಾರಿಗೂ ಗೊತ್ತಾಗದ ಹಾಗೆ ಕೂತಳು.

ಪಲಮನೇರಿನ ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ಒಂದು ನಿಪ್ಪಟ್ಟು ತಿಂದು, ಇನ್ನೆರಡು ಕೊಂಡು ಪಂಚೆಯ ತುದಿಗೆ ಕಟ್ಟಿಕೊಂಡ. ಆಮೇಲೆ ಕದಿರೇಶನನ್ನು ತೆಲುಗಿನಲ್ಲಿ ಕೇಳಿದ: "ಎವರು ಚೇಸಿನಾರಪ್ಪಾ ಇವಿ?"

ಯಾರು ಮಾಡಿದ್ದು ಎಂದು ಕೇಳಿದ್ದಕ್ಕೆ ಕದಿರೇಶ ಮರದ ಕಡೆ ಕೈ ತೋರಿಸಿದ. ಮುದುಕ ತಿರುಗಿ ನೋಡಿ ಕೈಮುಗಿದ. ಮುನಿಶಾಮಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಹಿಂದಿರುಗುವ ದಾರಿಯುದ್ದಕ್ಕೂ ಆ ಮುದುಕನ ಪ್ರಶ್ನೆಯೇ ಅವಳ ಕಿವಿಯಲ್ಲಿತ್ತು. ಮೂವತ್ತು ವರ್ಷ ಆ ಮನೆಯಲ್ಲಿ ಮುದ್ದೆ ತೊಳಸಿದ್ದಳು; ಊಟ ಮಾಡಿ ಎದ್ದ ಯಾರೂ ಇದನ್ನು ಯಾರು ಮಾಡಿದ್ದು ಎಂದು ಕೇಳಿದವರಿಲ್ಲ.

ಹುಳುಗಳು ಮೂರನೇ ಜ್ವರ ಎದ್ದವು. ಮೈಯ ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದವೆಂದರೆ ಅವುಗಳ ಹಸಿವಿಗೆ ಮೇರೆಯಿಲ್ಲ, ತಟ್ಟೆಯ ಹತ್ತಿರ ನಿಂತರೆ ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯ ಹಾಗೆ ಕೇಳಿಸುತ್ತದೆ. ಗಂಗರತ್ನಮ್ಮನಿಗೆ ಆಗ ಎರಡು ಕೈ ಸಾಲದು. ಮುನಿಶಾಮಮ್ಮ ಬೆಳಿಗ್ಗೆ ಸೊಪ್ಪು ಬಿಡಿಸುವಳು, ಕಸ ತೆಗೆಯುವಳು. ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಕರಿಯುವಳು. ಸಂಜೆ ಬಾವಿಯ ಹತ್ತಿರ ಮಿಂದು, ಸೀರೆ ಬದಲಾಯಿಸಿ ಮತ್ತೆ ತಟ್ಟೆಗಳ ಬಳಿಗೆ ಬರುವಳು.

"ಅತ್ತೆ, ಕೈ ತೋರ್ಸಿ," ಎಂದಳು ಒಂದು ಸಂಜೆ ಸೊಸೆ. ಮೂಸಿದಳು. "ಎಣ್ಣೆ ವಾಸ್ನೆ ಇದೆ."

"ಸೀಗೇಕಾಯಲ್ಲಿ ತಿಕ್ಕಿ ತೊಳ್ದಿದೀನಲ್ಲಮ್ಮ."

"ಇದ್ರೂ ಇದೆ. ನೀವು ಹುಳ ಮುಟ್ಬೇಡಿ, ಸೊಪ್ಪು ಹೆಚ್ಚಿ ಕೊಟ್ಬಿಡಿ ಸಾಕು."

"ಎರಡು ಕಡೇನೂ ನಾನೇ ಬೇಕು, ಎರಡು ಕಡೇನೂ ನಾನೇ ತಪ್ಪು ಅಂದ್ರೆ ಹೆಂಗೆ ರತ್ನ?"

"ನಾನು ತಪ್ಪು ಅಂದ್ನಾ? ವಾಸ್ನೆ ಅಂದೆ."

ಇಬ್ಬರೂ ಅಲ್ಲಿಗೇ ನಿಲ್ಲಿಸಿದರು. ಆದರೆ ಆ ರಾತ್ರಿ ಊಟದಲ್ಲಿ ಸೊಸೆ ಬಡಿಸಿದಳು, ಅತ್ತೆ ಉಂಡಳು, ನಡುವೆ ಉಪ್ಪು ಬೇಕಾ ಎನ್ನುವ ಮಾತೂ ಬರಲಿಲ್ಲ.

ನಾಲ್ಕನೇ ಜ್ವರ ಎದ್ದ ಮೇಲೆ ಮೋಡ ಕವಿದುಕೊಂಡು ಹಗಲೂ ರಾತ್ರಿ ಮಳೆ ಹಿಡಿಯಿತು. ಕೊಟ್ಟಿಗೆಯ ಹುಲ್ಲಿನ ಸೂರು ಸೋರಿ ಒಲೆಯೊಳಗೆ ನೀರು ನಿಂತಿತು. ಅದೇ ದಿನ ಮದುವೆಯ ದಿಬ್ಬಣವೊಂದು ಮುಳಬಾಗಿಲಿನ ಮೇಲೆ ಹಾದುಹೋಗುವುದಿತ್ತು. ಅವರಿಗೆ ಒಂದು ಬುಟ್ಟಿ ನಿಪ್ಪಟ್ಟು ಕೊಡುತ್ತೇನೆಂದು ಕದಿರೇಶ ಒಪ್ಪಿಕೊಂಡಿದ್ದ. ಗಂಗರತ್ನಮ್ಮ ಗಂಡನ ಜೊತೆ ಗೋಣಿ ಹೊದ್ದು ತೋಟಕ್ಕೆ ಸೊಪ್ಪು ಕೀಳಲು ಹೋಗಿದ್ದಳು. ಮುನಿಶಾಮಮ್ಮ ಹಿಟ್ಟಿನ ಮುಂದೆ ಕೂತು ಮಗನ ಮುಖ ನೋಡಿದಳು, ಪಡಸಾಲೆಯ ಕಡೆ ನೋಡಿದಳು. ಆಮೇಲೆ ಅಡಿಗೆಮನೆಯ ಬಾಗಿಲು ಹಾಕಿ, ಸಂದಿಗೆ ಒದ್ದೆ ಗೋಣಿ ತುರುಕಿ, ಹಿತ್ತಲ ಬಾಗಿಲು ತೆರೆದು ಬಾಣಲೆ ಇಟ್ಟಳು. ಕರಿದು ಮುಗಿದ ಮೇಲೆ ನೆಲ ಸಾರಿಸಿ, ಬೆವರಿನಲ್ಲಿ ತೋಯ್ದು ಕೂತಳು.

ತೋಟದಿಂದ ಬಂದ ಗಂಗರತ್ನಮ್ಮ ಹೊಸ್ತಿಲಲ್ಲಿ ನಿಂತಳು. ಅವಳ ಮೂಗು ಅರಳಿದ್ದನ್ನು ಮುನಿಶಾಮಮ್ಮ ನೋಡಿದಳು. ಸೊಸೆ ಹೊದ್ದ ಗೋಣಿ ಕೆಳಗೆ ಹಾಕಿ ಒಳಗೆ ಬಂದಳು. ಒದ್ದೆ ಸೊಪ್ಪು ಹುಳುವಿಗೆ ಆಗದು; ಸೊಪ್ಪಿನ ನೀರನ್ನು ಬಟ್ಟೆಯಿಂದ ಒರೆಸಲು ಕೂತಳು. ಹುಳು ಹಸಿದಿದ್ದವು, ಸೊಪ್ಪು ರಾಶಿಯಿತ್ತು. ಎಲ್ಲ ಎಲೆಯನ್ನೂ ಒರೆಸಲು ಯಾರಿಂದಲೂ ಆಗುವಂತಿರಲಿಲ್ಲ. ಕೋದಂಡರಾಮಪ್ಪ ಅರ್ಧ ಒರೆಸಿದ್ದನ್ನೇ ತಟ್ಟೆಗೆ ಹರಡಿದ.

ಮೂರನೆಯ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಸದ್ದಿರಲಿಲ್ಲ. ಹುಳುಗಳು ಸೊಪ್ಪಿನ ಮೇಲೆ ಹತ್ತದೆ ತಟ್ಟೆಯ ಅಂಚಿನಲ್ಲಿ ಅಲೆಯುತ್ತಿದ್ದವು. ಮೈ ಊದಿಕೊಂಡು ಹಳದಿಗೆ ತಿರುಗಿದ್ದವು. ಮುಟ್ಟಿದರೆ ಒಡೆದು ಹಾಲಿನಂಥ ನೀರು ಸೋರುತ್ತಿತ್ತು. ಗಂಗರತ್ನಮ್ಮ ಒಂದೊಂದೇ ತಟ್ಟೆ ಇಳಿಸಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತಳು.

"ಹಾಲುತೊಂಡೆ ರೋಗ," ಎಂದಳು. "ಇನ್ನೇನೂ ಇಲ್ಲ. ಎಲ್ಲಾ ತಿಪ್ಪೆಗೆ."

ತಟ್ಟೆಗಳನ್ನು ಹೊತ್ತು ಹಾಕಿ ಬಂದ ಮೇಲೆ ಅಂಗಳದಲ್ಲಿ ಮಾತು ಸಿಡಿಯಿತು.

"ನಾನೇ," ಎಂದಳು ಮುನಿಶಾಮಮ್ಮ. "ಆವತ್ತು ಅಡಿಗೆಮನೇಲಿ ಕರಿದೆ. ನಿನಗೆ ಗೊತ್ತು."

"ಗೊತ್ತು."

"ಮತ್ತೆ ಯಾಕೆ ಬೈಲಿಲ್ಲ?"

"ಒದ್ದೆ ಸೊಪ್ಪು ಹಾಕಿದ್ದು ಇವರು," ಎಂದು ಗಂಗರತ್ನಮ್ಮ ಗಂಡನ ಕಡೆ ತಿರುಗಿದಳು. "ನಾನು ಕಣ್ಣಾರೆ ನೋಡ್ತಿದ್ದೆ. ಬೇಡ ಅನ್ನೋಕೆ ನನಗೂ ಬಾಯಿ ಬರ್ಲಿಲ್ಲ, ಅಷ್ಟು ಸುಸ್ತಾಗಿತ್ತು."

"ಹಸ್ದಿದ್ವು, ಹಾಕ್ದೆ," ಎಂದ ಕೋದಂಡರಾಮಪ್ಪ. "ಹಾಕ್ದೆ ಇದ್ರೂ ಸಾಯ್ತಿದ್ವು."

"ಅಮ್ಮಂದೇನೂ ತಪ್ಪಿಲ್ಲ," ಎಂದ ಕದಿರೇಶ. "ಒಪ್ಕೊಂಡು ಬಂದಿದ್ದು ನಾನು."

ಜಗಲಿಯ ಮೇಲೆ ಕೂತಿದ್ದ ವೆಂಕಟರಾಯಪ್ಪ ಕೆಮ್ಮಿದ. "ಮೊಟ್ಟೆ," ಎಂದ.

"ಏನು ಮೊಟ್ಟೆ ಮಾವ?"

"ಈ ಸಲ ಹುಳದ ಮೊಟ್ಟೆ ತರೋಕೆ ನನ್ನ ಕಳ್ಸಿದ್ಯಲ್ಲ ನಿನ್ನ ತವರಿನ ಕಡೆಗೆ. ಅಷ್ಟು ದೂರ ಯಾಕೆ ಅಂತ ಇಲ್ಲೇ ಆವನಿ ಊರ ಹತ್ರ ಒಬ್ಬ ಕೊಡ್ತಾನೆ ಅಂದ್ರು, ಅಲ್ಲೇ ತಗೊಂಡು ಬಂದೆ."

 ಗಂಗರತ್ನಮ್ಮ ಮಾವನನ್ನು ನೋಡಿದಳು, ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅಳುವ ಹಾಗೆ ಕಂಡಳು, ಆದರೆ ಅಳಲಿಲ್ಲ.

"ಎಲ್ಲಾರೂ ಸೇರಿ ಕೊಂದ್ರೆ ನಾನು ಯಾರನ್ನ ಬೈಲಿ?" ಎಂದು ಒಳಗೆ ಹೋದಳು.

ವಾರ ಕಳೆದು ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಊರಿಗೆ ಬಂದಾಗ ಮುನಿಶಾಮಮ್ಮ ತಾನೇ ಅವರನ್ನು ಕರೆದು ಕೇಳಿದಳು. ಅವರು ಮಜ್ಜಿಗೆ ಕುಡಿದು, ಖಾಲಿ ಪಡಸಾಲೆ ನೋಡಿ, ಸತ್ತ ಹುಳುವನ್ನು ನೋಡದೆ ಏನು ಹೇಳಲಿ ತಾಯಿ ಎಂದರು. ಒದ್ದೆ ಸೊಪ್ಪಿನಿಂದ ಆಗಬಹುದು, ಥಂಡಿಯಿಂದ ಆಗಬಹುದು, ಮೊದಲೇ ರೋಗ ಸೇರಿಕೊಂಡಿದ್ದಿರಬಹುದು. ಹೊಗೆಯಿಂದಲೂ ಆಗುತ್ತದಾ ಎಂದು ಅವಳು ಕೇಳಿದಳು. ಹೊಗೆ ಒಳ್ಳೆಯದಲ್ಲ ಎಂದು ಹೇಳಿ ಅವರು ಸೈಕಲ್ಲು ಹತ್ತಿದರು.

ಮುನಿಶಾಮಮ್ಮ ಬಾಣಲೆಯನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಮುಳಬಾಗಿಲಿನಲ್ಲಿ ಜನ ಕೇಳುತ್ತಿದ್ದಾರೆ ಎಂದು ಕದಿರೇಶ ದಿನವೂ ಗೊಣಗಿದ. "ಹುಳ ಹೆಂಗೂ ಇಲ್ಲ, ಈಗ್ಲಾದ್ರೂ ಕರಿ" ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಗ್ಗರಣೆಗೆ ಈಗ ಅಡ್ಡಿಯಿರಲಿಲ್ಲ, ಆದರೂ ಅವಳ ಕೈ ಎಣ್ಣೆಯ ಗಿಂಡಿಗೆ ಹೋಗುತ್ತಿರಲಿಲ್ಲ. ತಾನು ಕೊಂದೆನೋ ಇಲ್ಲವೋ ಎನ್ನುವುದನ್ನು ಯಾರಾದರೂ ಹೇಳಿಬಿಟ್ಟರೆ ಸಾಕು, ಬೈದರೂ ಸರಿಯೇ ಎನ್ನಿಸುತ್ತಿತ್ತು.

ಪಡಸಾಲೆ ತೊಳೆದು, ಸುಣ್ಣ ಬಳಿದು, ಗಾಳಿಗೆ ಬಿಟ್ಟು, ಗಂಗರತ್ನಮ್ಮ ತಾನೇ ತವರಿಗೆ ಹೋಗಿ ಮೊಟ್ಟೆ ತಂದಳು. ಅಂದು ಸಂಜೆ ಅತ್ತೆಯ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಹೇಳಿದಳು:

"ಅತ್ತೆ, ಈ ಬೆಳೆ ಮುಗಿಯೋವರ್ಗೂ ನೀವು ಮನೇಲಿ ಇರ್ಬೇಡಿ."

ಮುನಿಶಾಮಮ್ಮನ ಕೈ ನಿಂತಿತು.

"ಕೋಪ ಇಲ್ಲ. ನೀವಿದ್ರೆ ಹುಳ ಚೆನ್ನಾಗಾದ್ರೂ ಯಾಕೆ ಅಂತ ನಂಗೆ ಗೊತ್ತಾಗಲ್ಲ, ಕೆಟ್ರೂ ಗೊತ್ತಾಗಲ್ಲ. ಮೊಟ್ಟೆ ನಾನೇ ತಂದಿದೀನಿ. ಸೊಪ್ಪು ನಾನೇ ಒರೆಸಿ ಹಾಕ್ತೀನಿ. ಕದಿರೇಶನ್ನ ಕರ್ಕೊಂಡು ಮುಳಬಾಗಿಲಲ್ಲೇ ಬಾಣಲೆ ಇಟ್ಕೊಳ್ಳಿ. ಒಂದು ಸಲ ನೋಡೋಣ."

ಕೋದಂಡರಾಮಪ್ಪ ಮೊದಲ ಸಲ ಹೆಂಡತಿಯ ಮೇಲೆ ದನಿ ಎತ್ತಿದ. "ಹೆತ್ತೋಳನ್ನ ಮನೆಯಿಂದ ಕಳಿಸ್ತೀಯಾ? ಊರೋರು ಏನಂತಾರೆ?"

"ಇದು ಯಾರ ಮನೆ ಅನ್ನೋದು ನಂಗೇ ಗೊತ್ತಾಗ್ತಿಲ್ಲ," ಎಂದ ವೆಂಕಟರಾಯಪ್ಪ.

"ಹೋಗ್ತೀನಿ," ಎಂದಳು ಮುನಿಶಾಮಮ್ಮ. ಹಾಗೆಂದ ಮೇಲೆ ತಾನೇಕೆ ಒಪ್ಪಿದೆ ಎಂದು ಅವಳಿಗೆ ಬಹಳ ಹೊತ್ತು ಹೊಳೆಯಲಿಲ್ಲ. ಸೊಸೆಯ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕಿಂತ ಹೆಚ್ಚಾಗಿ, ಹುಣಸೆಮರದ ಕೆಳಗಿನ ಆ ಜಾಗ ಅವಳ ಕಣ್ಣ ಮುಂದೆ ಬಂದಿತ್ತು. 

ಬಸ್‌ಸ್ಟ್ಯಾಂಡಿನ ಹಿಂದೆ ಶಾಮಲಮ್ಮ ಎನ್ನುವ ವಿಧವೆಯ ಮನೆಗೆ ತಗುಲಿದ ಒಂದು ಕೋಣೆ ಸಿಕ್ಕಿತು. ತಾಯಿ ಮಗ ಅಲ್ಲೇ ಉಳಿದರು. ಒಲೆ ಬೇರೆಯಾಯಿತು ಎಂದರೆ ಮನೆ ಒಡೆಯಿತು ಎಂದೇ ಲೆಕ್ಕ. ಬಂಡೆಪಲ್ಲಿಯಲ್ಲಿ ಜನ ಹಾಗೆಯೇ ಮಾತಾಡಿಕೊಂಡರು. ಎರಡು ದಿನಕ್ಕೊಮ್ಮೆ ವೆಂಕಟರಾಯಪ್ಪ ರಾಗಿಹಿಟ್ಟಿನ ಗಂಟು ಹೊತ್ತು ಬರುತ್ತಿದ್ದ. ಹೆಂಡತಿ ಬಡಿಸಿದ್ದನ್ನು ಉಂಡು, ಬೀಡಿ ಹಚ್ಚಿ, ಊರ ಸುದ್ದಿ ಹೇಳುತ್ತಿದ್ದ.

"ಎರಡನೇ ಜ್ವರ ಎದ್ವಂತೆ."

"ಚೆನ್ನಾಗಿವೆಯಾ?"

"ಚೆನ್ನಾಗಿದ್ದಂಗೇ ಕಾಣ್ತವೆ. ಹೋದ ಸಲಾನೂ ಹಿಂಗೇ ಕಂಡ್ವಪ್ಪ."

ಕೆಲಸ ಮಾತ್ರ ಬೆಳೆಯಿತು. ಮುನಿಶಾಮಮ್ಮ ನಸುಕಿನಲ್ಲೇ ಹಿಟ್ಟು ಕಲಸುವಳು. ಮೊದಲ ಬಸ್ಸಿನ ಹೊತ್ತಿಗೆ ಬುಟ್ಟಿ ತುಂಬಿರುತ್ತಿತ್ತು. ಕೋಡುಬಳೆಯನ್ನೂ ಶುರುಮಾಡಿದಳು. ಗಾಣದವನ ಹತ್ತಿರ ಎಣ್ಣೆ ಮೂಸಿ ನೋಡಿ, ಹಳೆಯದಾದರೆ ವಾಪಸು ಕಳಿಸುವಷ್ಟು ಗಟ್ಟಿಯಾದಳು. ಒಂದು ಬೆಳಿಗ್ಗೆ ಆಂಜನೇಯನ ಗುಡಿಗೆ ಹೋಗಿ ಹುಳು ಚೆನ್ನಾಗಿ ಆಗಲಿ ಎಂದು ಕೈಮುಗಿದಳು. ಹೊರಗೆ ಬಂದು ಚಪ್ಪಡಿಯ ಮೇಲೆ ನಿಂತುಬಿಟ್ಟಳು. ಹುಳು ಚೆನ್ನಾಗಿ ಆದರೆ ಹೋದ ಸಲ ಕೊಂದದ್ದು ತಾನೇ ಎಂದಾಗುತ್ತದೆ. ಕೆಟ್ಟರೆ ತನ್ನ ಮೇಲಿನ ಮಾತು ಹೋಗುತ್ತದೆ. ಆದರೆ ಮಗ ಸೊಸೆಯ ಬಾಳು ಮುಳುಗುತ್ತದೆ. ತಿರುಗಿ ಒಳಗೆ ಹೋದಳು. ಏನು ಬೇಡಬೇಕೆಂದು ತಿಳಿಯದೆ ಇನ್ನೊಮ್ಮೆ ತೀರ್ಥ ತೆಗೆದುಕೊಂಡು ಬಂದಳು.

ಆಮೇಲೆ ವೆಂಕಟರಾಯಪ್ಪ ಬರುವುದು ನಿಂತಿತು. ಮನೆಯಲ್ಲಿ ಕೈ ಸಾಲದೆ ಅವನನ್ನೂ ಸೊಪ್ಪಿಗೆ ಹಚ್ಚಿದ್ದಾರೆ ಎಂದು ಯಾರೋ ಹೇಳಿದರು. ಹುಳುವಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಒಲೆಯ ಮುಂದೆ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಗಂಗರತ್ನಮ್ಮ. ಸೊರಗಿದ್ದಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು, ಸೀರೆಗೆಲ್ಲ ಗೂಡಿನ ನಾರು ಅಂಟಿತ್ತು.

"ಗಾಡೀಲಿ ತಂದು ಕೊಟ್ಟು ಬಂದೆ ಅತ್ತೆ. ಗೂಡು ಮಾರಾಟ ಆಯ್ತು."

"ಆಯ್ತಾ?"

"ಆಯ್ತು. ಒಂದು ತಟ್ಟೇನೂ ಕೆಡ್ಲಿಲ್ಲ."

ಮುನಿಶಾಮಮ್ಮನಿಗೆ ಮೊದಲು ಸಂತೋಷವಾಯಿತು. ಅದರ ಹಿಂದೆಯೇ ಇನ್ನೊಂದು ಬಂದು ಕೂತಿತು. ಜಾಲರಿಯನ್ನು ಬಾಣಲೆಯ ಅಂಚಿಗೆ ಇಟ್ಟಳು.

"ಹಾಗಾದ್ರೆ ನಂದೇ," ಎಂದಳು.

ಗಂಗರತ್ನಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. "ನಾನೂ ಹಂಗೇ ಅಂದ್ಕೊಂಡೆ ಅತ್ತೆ. ಆದ್ರೆ ಈ ಸಲ ಊರಲ್ಲಿ ಹುಳ ಸಾಕಿರೋ ಎಲ್ಲಾರ್ದೂ ಚೆನ್ನಾಗಾಗಿದೆ. ಪಕ್ಕದ್ಮನೆ ಆಂಜಿನಮ್ಮನ ಗಂಡ ತಟ್ಟೆ ಪಕ್ಕದಲ್ಲೇ ಕೂತು ಬೀಡಿ ಸೇದ್ತಾನೆ, ಅವರ ಗೂಡು ನಮ್ಮದಕ್ಕಿಂತ ಗಟ್ಟಿಯಾಗಿದೆ. ಮಳೇನೂ ಬರ್ಲಿಲ್ಲ."

"ಹಾಗಾದ್ರೆ ನಂದಲ್ವಾ?"

"ಗೊತ್ತಿಲ್ಲ ಅತ್ತೆ. ನಿಜವಾಗ್ಲೂ ಗೊತ್ತಿಲ್ಲ. ನಿಮ್ಮನ್ನ ಮನೆಯಿಂದ ಕಳ್ಸಿದ್ದು ಸುಮ್ನೆ ಆಯ್ತು."

 ಎಣ್ಣೆಯಲ್ಲಿದ್ದ ನಿಪ್ಪಟ್ಟು ಸೀಯುವುದಕ್ಕೆ ಬಂದಿತ್ತು. ಮುನಿಶಾಮಮ್ಮ ಎತ್ತಿ ಬದಿಗಿಟ್ಟಳು.

"ಊಟ ಮಾಡಿದ್ಯಾ?"

"ಬೆಳಗಿಂದ ಇಲ್ಲ."

ಮುನಿಶಾಮಮ್ಮ ತಣ್ಣನೆಯ ಮುದ್ದೆ, ಅವರೆಕಾಳಿನ ಸಾರು ಬಡಿಸಿ ಕೊಟ್ಟಳು. ಸೊಸೆ ಉಂಡಳು. ಇನ್ನೂ ಸ್ವಲ್ಪ ಸಾರು ಹಾಕಿಸಿಕೊಂಡಳು. ಕೈ ತೊಳೆದು ಬಂದು, ಸೆರಗಿನಿಂದ ಒರೆಸಿಕೊಳ್ಳುತ್ತ ಹೇಳಿದಳು:

"ಹಿತ್ತಲಲ್ಲಿ ಹುಳಕ್ಕೆ ಮನೆ ಕಟ್ಸೋಣ ಅಂತಿದೀವಿ. ನಾಳೆ ಜಾಗ ಅಳೆಯೋಕೆ ಮೇಸ್ತ್ರಿ ಬರ್ತಾನೆ. ನೀವು ಬರ್ಬೇಕು ಅತ್ತೆ. ಬಾಗ್ಲು ಯಾವ ಕಡೆ ಅಂತ ನೀವೇ ಹೇಳ್ಬೇಕು."

"ನಾಳೆ ಸಂತೆ," ಎಂದಳು ಮುನಿಶಾಮಮ್ಮ. "ಬರೋಕಾಗಲ್ಲ."

ಬಾಯಿಂದ ಬಂದ ಮೇಲೆ ಅವಳಿಗೇ ಗಾಬರಿಯಾಯಿತು. ಸೊಸೆಯ ಮುಖ ನೋಡಿದಳು. ಗಂಗರತ್ನಮ್ಮ ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದಳು.

"ಹಾಗಾದ್ರೆ ಮೇಸ್ತ್ರೀಗೆ ನಾಡಿದ್ದು ಬಾ ಅಂತೀನಿ," ಎಂದಳು.

"ನಾಡಿದ್ದು ಬರ್ತೀನಿ," ಎಂದು ಮುನಿಶಾಮಮ್ಮ ಮುಂದಿನ ನಿಪ್ಪಟ್ಟನ್ನು ಎಣ್ಣೆಗೆ ಬಿಟ್ಟಳು.